ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಾದ ಡಿಕ್ಕಿ

ನಮ್ಮಪ್ಪನಿಗೆ ತನ್ನ ಅಕ್ಕನ ಮೇಲೆ ಎಷ್ಟು ಪ್ರೀತಿಯಿತ್ತೋ ಅಷ್ಟೇ ಸಿಟ್ಟೂ ಇತ್ತು. ಅವಳಿಗೂ ಹಾಗೇ. ಹಟದಲ್ಲಿ ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಪ್ಪ ಇಂಡಿ ತಾಲೂಕಿನ ಲಚ್ಯಾಣದಲ್ಲಿ ನಿಂಬೆ ತೋಟ ಮಾಡಿಕೊಂಡಿದ್ದ. ಅತ್ತೆಯನ್ನು ಬಸವನ ಬಾಗೇವಾಡಿಯ ಮಗ್ಗುಲಿನ ಇಂಗಳೇಶ್ವರಕ್ಕೆ ಕೊಟ್ಟಿತ್ತು. ಇಬ್ಬರ ನಡುವೆ, ಸಿಂದಗಿಯಲ್ಲಿ, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತ ನಾನಿದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಅಕ್ಕ ತಮ್ಮನ ಜಗಳದಲ್ಲಿ ಬಡವಾದ ಕೂಸು ನಾನು, ಅದೂ ತಲೆಯಲ್ಲಿ ಬಿಳಿಕೂದಲು ಕಾಣತೊಡಗಿದ್ದ ಕೂಸು.

ಜಗಳದ ಕಾರಣ ಕೇಳಿದರೆ ಬೇರೆ ಕಡೆಯವರು ನಗಬಹುದು. ನಮ್ಮ ಕಡೆಯವರು ನಗುವುದಿಲ್ಲ.

ತೊಂಬತ್ತರ ದಶಕದ ಶುರುವಿನ ಮಾತು. ಪಂಚಮಿಗೆ ತವರಿಗೆ ಬಂದಿದ್ದ ಅತ್ತೆ ಊರಿಗೆ ಹೊರಟು ನಿಂತಿದ್ದಳು. ತವರಿನಿಂದ ಹೊರಡುವ ಮಗಳಿಗೆ ಉಡಿ ತುಂಬಿ ಕಳಿಸಬೇಕು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಎಲೆ ಅಡಿಕೆ, ಮೇಲೊಂದು ಕುಬಸದ ಖಣ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಸ್ತಿಲು ದಾಟಿದರೆ ತವರು ತುಂಬಿದೆ, ತನಗೆ ಅಲ್ಲಿ ಜಾಗವಿದೆ ಎಂದು ಅವಳ ಲೆಕ್ಕ. ಅವ್ವ ಒಳಗೆ ತಾಟು ಜೋಡಿಸುತ್ತಿದ್ದಳು. ಅಷ್ಟರಲ್ಲಿ ಊರಬಾಗಿಲಿನ ಅಗಸಿಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಅಪ್ಪನಿಗೆ ಬಸ್ಸು ತಪ್ಪುವುದೆಂದರೆ ಜೀವಮಾನದ ಭಯ. “ಓಡ ಅಕ್ಕಾ, ಬಸ್ ತಪ್ಪತೈತಿ!” ಎಂದು ಅವಳ ಗಂಟು ಹೆಗಲಿಗೇರಿಸಿ, ಅವಳ ಕೈ ಹಿಡಿದು ಎಳೆದುಕೊಂಡೇ ಹೋಗಿ, ಬಾಗಿಲಲ್ಲಿ ನೂಕಿ, ಹತ್ತಿಸಿಯೇ ಬಿಟ್ಟ. ಗೆದ್ದವನ ಮುಖ ಮಾಡಿಕೊಂಡು ತಿರುಗಿ ಬಂದರೆ, ಹೊಸ್ತಿಲಲ್ಲಿ ಅವ್ವ ತಾಟು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ನಾನು. ಅಪ್ಪ ತಾಟು ನೋಡಿದ, ನಮ್ಮನ್ನು ನೋಡಿದ, ತೋಟಕ್ಕೆ ಹೋದ.

ಮರುವರ್ಷದ ಪಂಚಮಿಗೆ ಅವಳನ್ನು ಕರೆಯಲು ಹೋಗಬೇಕಾಗಿತ್ತು. ನಾಚಿಕೆಯಿಂದ ಹೋಗಲಿಲ್ಲ. ಅದರ ಮುಂದಿನ ವರ್ಷ ಆ ನಾಚಿಕೆಯೇ ಹಟವಾಯಿತು. “ಆಕಿ ಮನಿ ಅಲ್ಲೇನು ಇದು? ಬರಲಿ ತಾನ!” ಎಂದು ಅಪ್ಪ. “ಕರೀಲಾರದ ಹೋಗಾಕ ನಾ ಏನ ಭಿಕ್ಷಾಕ ಹೊಂಟೇನೇನು? ಜ್ವಾಳದ ಚೀಲ ಹೇರಿದಂಗ ಹೇರಿ ಕಳಿಸಿದನಲ್ಲ!” ಎಂದು ಅತ್ತೆ. ಮದುವೆ ಮುಂಜಿಗಳಲ್ಲಿ ಇಬ್ಬರೂ ಇರುತ್ತಿದ್ದರು, ಹಂದರದ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ನನ್ನ ಮದುವೆಯಲ್ಲಿ ಸೋದರತ್ತೆಯ ಕೆಲಸಗಳನ್ನೆಲ್ಲ ಅಚ್ಚುಕಟ್ಟಾಗಿ ಮಾಡಿ, ಅಪ್ಪನ ಕಡೆ ಕಣ್ಣೆತ್ತಿಯೂ ನೋಡದೆ, ಊಟ ಮುಗಿಯುತ್ತಲೇ ಇಂಗಳೇಶ್ವರದವರ ಜೀಪಿನಲ್ಲಿ ಹೋಗಿಬಿಟ್ಟಳು.

ಆದರೂ ಒಬ್ಬರಿಗೊಬ್ಬರ ಸುದ್ದಿ ಬೇಕು! ನಾನು ಅತ್ತೆಯ ಊರಿಗೆ ಹೋಗಿ ಬಂದಿದ್ದೇನೆಂದು ತಿಳಿದರೆ, ಅಪ್ಪ ನಿಂಬೆಹಣ್ಣು ಆರಿಸುತ್ತ, ಮುಖ ಎತ್ತದೆ, “ಆ ಕಡೆ ಮಳಿ ಆಗೈತೇನು?” ಎನ್ನುತ್ತಿದ್ದ. ಮೊದಲ ಸಲ ನಾನು ಪೆದ್ದಿಯಂತೆ ಮಳೆಯ ಸುದ್ದಿಯನ್ನೇ ಹೇಳಿದೆ. ಅವನ ಮುಖ ನೋಡಿದ ಮೇಲೆ ಬುದ್ಧಿ ಬಂತು. ಮುಂದಿನ ಸಲ, “ಆಗೈತಿ ಅಪ್ಪ, ಮೊಣಕಾಲ ನೋವು ಕಡಿಮಿ ಆಗೈತಿ” ಎಂದೆ. “ಹೂಂ, ಆಗಲಿ” ಎಂದು ಹಣ್ಣು ಆರಿಸುವುದನ್ನು ಮುಂದುವರಿಸಿದ. ಅತ್ತೆಯದೂ ಇದೇ ಹಾಡು. “ಲಿಂಬಿ ಛಲೋ ಹಿಡದಾವೇನು ಈ ಸರ್ತಿ?” ಎಂದು ಒಲೆಯ ಮುಂದೆ ಕೂತು ಕೇಳುತ್ತಿದ್ದಳು. “ಹಿಡದಾವ ಅತ್ತಿ. ಬಿಪಿ ಗುಳಿಗಿ ನುಂಗಾಕತ್ತಾವು” ಎಂದು ನಾನು ಹೇಳಬೇಕು. ಅವಳು ರೊಟ್ಟಿ ಬಡಿಯುವುದು ಒಂದು ಗಳಿಗೆ ನಿಲ್ಲುತ್ತಿತ್ತು.

ಸಂಶೋಧನೆ ಎಂಬ ಹುಚ್ಚನ್ನು ನನಗೆ ಹತ್ತಿಸಿದ್ದೂ ಈ ಅತ್ತೆಯೇ. ಜಗಳಕ್ಕೂ ಮುಂಚೆ, ಹೈಸ್ಕೂಲಿಗೆ ನಾನು ಅವಳ ಮನೆಯಲ್ಲಿದ್ದು ಬಾಗೇವಾಡಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬೇಸಿಗೆಯಲ್ಲಿ ಊಟ ಮಾಡಿ ಮಾಳಿಗೆ ಹತ್ತಿದರೆ ಅತ್ತೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದಳು. ಒಂದು ದಿನ, “ಇಷ್ಟೂ ಚುಕ್ಕಿ ಯಾತಕ್ಕ ಆತಕೊಂಡ ನಿಂತಾವ ಯವ್ವಾ? ಒಂದರ ಬೀಳಬೇಕಿತ್ತಲ್ಲ?” ಎಂದಳು. ನಾನು ಪುಸ್ತಕದಲ್ಲಿದ್ದಂತೆ ಗುರುತ್ವಾಕರ್ಷಣೆ ಎಂದೆ. “ಅದ ಹೆಸರಾತು. ಆತಕೊಂಡದ್ದು ಯಾತಕ್ಕ?” ಎಂದು ಮತ್ತೆ ಕೇಳಿದಳು. ನನಗೆ ಸಿಟ್ಟು ಬಂದು, ಹೊದಿಕೆ ಎಳೆದುಕೊಂಡು ಆ ಕಡೆ ಮಗ್ಗುಲಾದೆ.

ಮುಂದೆ ಧಾರವಾಡದಲ್ಲಿ ಸಂಶೋಧನೆಗೆ ಸೇರಿದಾಗ ನನಗೆ ಸಿಕ್ಕ ವಿಷಯ ಹೆಚ್ಚುಕಡಿಮೆ ಅದೇ. ದೊಡ್ಡ ದೊಡ್ಡ ಗ್ಯಾಲಕ್ಸಿಗಳ ಅಂಚಿನ ನಕ್ಷತ್ರಗಳು ಎಷ್ಟು ಜೋರಾಗಿ ತಿರುಗುತ್ತಿವೆಯೆಂದರೆ, ಕಣ್ಣಿಗೆ ಕಾಣುವ ದ್ರವ್ಯದ ತೂಕವಷ್ಟೇ ಹಿಡಿದಿದ್ದರೆ ಅವು ಎಂದೋ ಚೆಲ್ಲಾಪಿಲ್ಲಿಯಾಗಬೇಕಿತ್ತು. ಆಗಿಲ್ಲ. ಕಾಣದ ಯಾವುದೋ ತೂಕ ಅವನ್ನು ಹಿಡಿದುಕೊಂಡಿದೆ. ಅದಕ್ಕೆ ಡಾರ್ಕ್ ಮ್ಯಾಟರ್ ಎಂದು ಹೆಸರಿಟ್ಟಿದ್ದಾರೆ. ಅದು ಬೆಳಕು ಕೊಡುವುದಿಲ್ಲ, ಬೆಳಕನ್ನು ತಡೆಯುವುದೂ ಇಲ್ಲ. ಅದು ಏನು ಎನ್ನುವುದಕ್ಕೆ ಆಗ ಬಹಳ ಮಂದಿ ನಂಬಿದ್ದ ಒಂದು ಉತ್ತರ ಸೂಪರ್‌ಸಿಮ್ಮೆಟ್ರಿ. ನಮಗೆ ಗೊತ್ತಿರುವ ಪ್ರತಿಯೊಂದು ಕಣಕ್ಕೂ ಇನ್ನೂ ಕಾಣದ, ಹೆಚ್ಚು ಭಾರದ ಒಂದು ಜೋಡಿಕಣ ಇದೆ ಎಂದು ಆ ಸಿದ್ಧಾಂತ ಹೇಳುತ್ತದೆ. ಭಾರದ ಜೋಡಿಗಳು ಹುಟ್ಟಿದೊಡನೆ ಒಡೆದು ತಮಗಿಂತ ಹಗುರವಾದದ್ದಾಗುತ್ತವೆ. ಆ ಜೋಡಿಗಳಲ್ಲೆಲ್ಲ ಅತಿ ಹಗುರವಾದದ್ದಕ್ಕೆ ಮಾತ್ರ ಒಡೆದು ಇಳಿಯಲು ಕೆಳಗೆ ಮೆಟ್ಟಿಲಿಲ್ಲ. ಅದು ಹಾಗೇ ಉಳಿಯುತ್ತದೆ. ಗೋಡೆ, ಗುಡ್ಡ, ನಾನು, ನೀವು ಎಲ್ಲವನ್ನೂ ದಾಟಿ ಸುಮ್ಮನೆ ಹೋಗಿಬಿಡುತ್ತದೆ. ನಕ್ಷತ್ರಗಳನ್ನು ಹಿಡಿದಿರುವುದು ಅದೇ ಇರಬಹುದು ಎಂದು ಊಹೆ.

ರಜೆಯಲ್ಲಿ ಇಂಗಳೇಶ್ವರಕ್ಕೆ ಹೋದಾಗ ಇದನ್ನೆಲ್ಲ ಅತ್ತೆಗೆ ಹೇಳಿದೆ. ಸೆಗಣಿ ಸಾರಿಸುತ್ತಿದ್ದವಳು ಕೈ ತೊಳೆದು ಬಂದು ಕೂತಳು.

“ಕಾಣಲಾರದ್ದನ್ನ ಹೆಂಗ ಹಿಡೀತೀರಿ?”

“ಹಿಡ್ಯೂದಿಲ್ಲ ಅತ್ತಿ. ಕೊಲೈಡರ್ ಅಂತ ಒಂದು ಯಂತ್ರ ಐತಿ, ನೆಲದಾಗ ದೊಡ್ಡ ಉಂಗುರ ಇದ್ದಂಗ. ಆ ಕಡಿಂದ ಒಂದು, ಈ ಕಡಿಂದ ಒಂದು ಕಣ ಓಡಿಸಿ ಎದುರಾಬದುರಾ ಡಿಕ್ಕಿ ಹೊಡಸ್ತಾರ. ಚೂರು ಎಲ್ಲೆಲ್ಲಿ ಹಾರಿದವು ಅಂತ ಸುತ್ತ ನೋಡ್ತಾರ. ದೀಪಾವಳಿಗೆ ಗಡಿಗಿ ಬುಡಕ ಪಟಾಕಿ ಇಡ್ತಾರಲ್ಲ, ಗಡಿಗಿ ಚೂರು ನಾಕೂ ಕಡೆ ಹಾರಬೇಕು. ಎಲ್ಲಾ ಬಲಕ್ಕ ಬಿದ್ದಾವು, ಎಡಕ್ಕ ಒಂದೂ ಇಲ್ಲ ಅಂದ್ರ?”

“ಎಡಕ್ಕ ಹಾರಿದ್ದನ್ನ ಯಾರೋ ಒಯ್ದಾರ.”

“ಇಲ್ಲಾ, ಅದು ನಮಗ ಕಾಣಲಾರದ್ದು. ಲೆಕ್ಕದಾಗ ಕಡಿಮಿ ಬಿದ್ದದ್ದ ಅದರ ಗುರುತು.”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, “ಅಂದ್ರ ಇದ್ದದ್ದು ಕಾಣೂದಿಲ್ಲ, ಇಲ್ಲದ್ದಷ್ಟ ಕಾಣತೈತಿ. ನಿಮ್ಮಪ್ಪನಂಗ” ಎಂದು ಎದ್ದು ಹೋದಳು.

ನನ್ನ ಪ್ರಬಂಧದಲ್ಲಿದ್ದದ್ದು ಇಷ್ಟು: ಅಂಥ ಕಣ ಇದ್ದರೆ, ಅದು ಇಂಥ ಯಂತ್ರದಲ್ಲಿ ಹುಟ್ಟಿದರೆ, ಲೆಕ್ಕದಲ್ಲಿ ಎಂಥ ಕೊರತೆ ಕಾಣಬೇಕು ಎಂದು ಕಂಪ್ಯೂಟರಿನಲ್ಲಿ ಸುಳ್ಳು ಡಿಕ್ಕಿಗಳನ್ನು ಹೊಡೆಸಿ ನೋಡಿದ್ದು. ಜಿನೀವಾ ಹತ್ತಿರ ಆಗ ಇದ್ದ ಯಂತ್ರಕ್ಕೆ ಅದು ಸಿಕ್ಕಿರಲಿಲ್ಲ. ಅದೇ ಸುರಂಗದಲ್ಲಿ ಇನ್ನೂ ಜೋರಿನದು ಬರಲಿತ್ತು. ಇದನ್ನು ಅಪ್ಪನಿಗೆ ತಿಳಿಸಿ ಹೇಳಲು ಒಂದು ಸಂಜೆಯೇ ಹಿಡಿಯಿತು. ಕೊನೆಗೆ ಅವನು, “ಯಂತ್ರ ಇನ್ನೂ ಕಟ್ಟಿಲ್ಲ, ಕಣ ಐತೋ ಇಲ್ಲೋ ಗೊತ್ತಿಲ್ಲ, ನಿನಗ ಡಾಕ್ಟ್ರ ಪದವಿ ಕೊಟ್ಟರು! ಕನ್ಯಾ ನೋಡಲಾರದ ಊಟಾ ಹಾಕಿಸಿದಂಗಾತು” ಎಂದು ಹೊಟ್ಟೆ ಹಿಡಿದು ನಕ್ಕ. ಊರಲ್ಲಿ ಮಾತ್ರ, “ನಮ್ಮ ಮಗಳು ಆಕಾಶದ ತೂಕ ಮಾಡತಾಳ” ಎಂದು ಹೇಳಿಕೊಂಡು ತಿರುಗುತ್ತಿದ್ದ.

ಎರಡು ಸಾವಿರದ ಎಂಟರ ಸೆಪ್ಟೆಂಬರ್, ಗಣಪತಿ ಕೂಡಿಸಿದ ದಿನಗಳು. ಆ ಹೊಸ ಯಂತ್ರ ಶುರುವಾಗುವುದಿತ್ತು. ನಾನು ಎಷ್ಟೋ ವರ್ಷದಿಂದ ಕಾಯುತ್ತಿದ್ದ ದಿನ. ಆದರೆ ಟಿವಿಯವರು ಅದನ್ನು ಪ್ರಳಯ ಮಾಡಿಬಿಟ್ಟರು. ಯಂತ್ರದೊಳಗೆ ಕಪ್ಪು ಕುಳಿ ಹುಟ್ಟುತ್ತದಂತೆ, ಅದು ಭೂಮಿಯನ್ನೇ ನುಂಗುತ್ತದಂತೆ! ಭೂಗೋಳ ಸೊರಕ್ಕನೆ ತೂತಿನೊಳಗೆ ಇಳಿಯುವ ಚಿತ್ರವನ್ನು ದಿನವಿಡೀ ತೋರಿಸಿದರು. ಸಿಂದಗಿಯ ಚಹಾದಂಗಡಿಗಳಲ್ಲಿ ಮಂದಿ ಬಾಯಿ ತೆರೆದು ನಿಂತರು. ಕೋಳಿ ಅಂಗಡಿಗಳ ಮುಂದೆ ಗದ್ದಲ. ಹೇಗೂ ಮುಳುಗುವುದಿದ್ದರೆ ಉಂಡು ಮುಳುಗೋಣ ಎಂದು.

ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರ ಶುರುವಾಗುವ ಹಿಂದಿನ ದಿನ ಎಲ್ಲ ವಿಭಾಗದ ಮಕ್ಕಳನ್ನೂ ಒಂದೇ ಕೋಣೆಗೆ ಕೂಡಿಹಾಕಿ ಬೋರ್ಡಿನ ಮೇಲೆ ಬರೆದು ತಿಳಿಸಿದೆ. ಆ ಯಂತ್ರಕ್ಕಿಂತ ಎಷ್ಟೋ ಜೋರಿನ ಕಣಗಳು ಬಾಹ್ಯಾಕಾಶದಿಂದ ನಮ್ಮ ಭೂಮಿಗೆ ಅದು ಹುಟ್ಟಿದಾಗಿನಿಂದ ಬಡಿಯುತ್ತಲೇ ಇವೆ, ಏನಾಗಿದೆ? ಅಷ್ಟಕ್ಕೂ ನಾಳೆ ಡಿಕ್ಕಿಯೇ ಇಲ್ಲ. ಪ್ರೋಟಾನುಗಳನ್ನು ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ ಸುಮ್ಮನೆ ಸುತ್ತು ಹಾಕಿಸಿ ನೋಡುತ್ತಾರೆ, ಅಷ್ಟೆ. “ಭೂಮಿ ಮುಳುಗೂದಿಲ್ಲ, ನಿಮ್ಮ ಟೆಸ್ಟು ಮುಳುಗತೈತಿ. ಓದ್ರಿ!” ಎಂದೆ. ಹೊರಗೆ ಬಂದರೆ ಕನ್ನೊಳ್ಳಿಯ ಒಬ್ಬ ತಾಯಿ ಮಗಳನ್ನು ಕರೆದೊಯ್ಯಲು ಬಂದು ನಿಂತಿದ್ದಳು. ಅವಳಿಗೂ ಅದೆಲ್ಲವನ್ನೂ ಮತ್ತೆ ಹೇಳಿದೆ. ಅವಳು ಪೂರಾ ಕೇಳಿ, “ನೀವು ಹೇಳೂದ ಖರೇ ಇರಬೇಕ್ರಿ ಬಾಯಾರ. ಆದ್ರ ಹೋಳಿಗಿ ಮಾಡೇನ್ರಿ. ಎಲ್ಲಾರೂ ಕೂಡಿ ಉಣ್ಣೂಣು ಅಂತ” ಎಂದಳು. ಹೋಳಿಗೆಗೆ ಫಿಸಿಕ್ಸಿನಲ್ಲಿ ಉತ್ತರವಿಲ್ಲ. ಕಳಿಸಿದೆ.

ಆ ಸಂಜೆ ಅತ್ತೆಯ ಫೋನು.

“ನೀ ಹೇಳತಿದ್ದಿಯಲ್ಲ ಆ ಉಂಗುರದ ಮಷೀನು, ಅದೇನು ಇದು? ನಾಳಿ ಮುಳುಗೂದು ಖರೇನು?”

“ಏನೂ ಮುಳುಗೂದಿಲ್ಲ ಅತ್ತಿ. ಟಿವಿ ಬಂದ್ ಮಾಡಿ ಮಲಕೋ.”

“ಏನೂ ಆಗೂದಿಲ್ಲಾ?” ಅವಳ ದನಿಯಲ್ಲಿ ಸಮಾಧಾನ ಇರಬೇಕಿತ್ತು. ಇರಲಿಲ್ಲ. “ಒಟ್ಟ ಏನೂ?”

“ಒಟ್ಟ ಏನೂ.”

“ಅಯ್ಯ, ಇಷ್ಟ ಹೇಳಾಕ ಅಷ್ಟು ವರ್ಷ ಓದಬೇಕಾಗಿತ್ತೇನ!” ಎಂದು ಫೋನಿಟ್ಟಳು.

ಸ್ವಲ್ಪ ಹೊತ್ತಿಗೆ ಅಪ್ಪ. ಭೂಮಿಯ ಸುದ್ದಿ ಎತ್ತಲೇ ಇಲ್ಲ. “ಆ ಕಡೆ ಮಂದಿ ಈ ಟಿವಿ ನೋಡ್ಯಾರೇನು?” ಎಂದ. ಆ ಕಡೆ ಎಂದರೆ ಯಾವ ಕಡೆ ಎಂದು ನನಗೆ ಗೊತ್ತಿತ್ತು. ನೋಡಿದ್ದಾರೆ ಎಂದೆ. “ಅಂಜ್ಯಾರೇನು?” “ಇಲ್ಲಪ್ಪ, ಏನೂ ಆಗೂದಿಲ್ಲ ಅಂತ ಹೇಳೇನಿ.” ಆ ತುದಿಯಲ್ಲಿ ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. “ಯಾಕ ಹೇಳಾಕ ಹೋದಿ?” ಎಂದ, ಅದೂ ಮೆಲ್ಲಗೆ. ಜಗತ್ತು ಮುಳುಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮುಳುಗಲಿ ಎಂದು ಇಬ್ಬರಿಗೂ ಆಸೆಯಿತ್ತು, ಒಂದು ನೆವಕ್ಕೆ. ಆ ನೆವವನ್ನು ನಾನು ಬೋರ್ಡಿನ ಮೇಲೆ ಬರೆದು ಒರೆಸಿಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಮನಸ್ಸು ತಡೆಯದೆ ಲಚ್ಯಾಣಕ್ಕೆ ಫೋನು ಮಾಡಿದೆ. ಅವ್ವ ಎತ್ತಿಕೊಂಡಳು.

“ನಿಮ್ಮಪ್ಪ ಹೊತ್ತ ಹುಟ್ಟೂದರಾಗ ಮಡಿ ಧೋತ್ರ ಉಟಗೊಂಡ ಹೋದಾ. ಎಲ್ಲಿಗಿ ಅಂದ್ರ ಬಾಯಿ ಬಿಡಲಿಲ್ಲ. ನಾ ಟ್ರಂಕಿನ್ಯಾಗ ಇಟ್ಟ ಖಣಾನೂ ಇಲ್ಲ, ಕೊಬ್ಬರಿ ಬಟ್ಟಲಾನೂ ಇಲ್ಲ, ಡಬ್ಬಿ ಅಕ್ಕಿ ಅರ್ಧ ಆಗೈತಿ!” ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ನನ್ನ ಎದೆ ಹಿಗ್ಗಿತು. ಅತ್ತೆಗೆ ತಿಳಿಸಿ, ಎಲ್ಲಿಗೂ ಹೋಗದೆ ಮನೆಯಲ್ಲೇ ಇರು ಎಂದು ಹೇಳೋಣವೆಂದು ಇಂಗಳೇಶ್ವರಕ್ಕೆ ಫೋನು ಹಚ್ಚಿದರೆ ಮಾವ ಎತ್ತಿದರು. “ಎಲ್ಲಿ ಅತ್ತಿ ಯವ್ವಾ! ‘ಮುಳುಗೂದಿದ್ರ ನಾ ತವರಾಗ ಮುಳುಗತೇನಿ’ ಅಂತ ಮೊದಲನೇ ಬಸ್ಸಿಗೆ ಬಾಗೇವಾಡಿಗೆ ಹೋದಳು. ಅಲ್ಲಿಂದ ಇಂಡಿ ಬಸ್ ಹಿಡೀತಾಳಂತ” ಎಂದರು.

ಅಯ್ಯೋ ಶಿವನೆ! ಅಪ್ಪ ಈ ಕಡೆಯಿಂದ ಬಾಗೇವಾಡಿ ಹಾದು ಹೋಗುವ ಇಂಡಿ–ಮುದ್ದೇಬಿಹಾಳ ಬಸ್ಸಿನಲ್ಲಿ ಹೊರಟಿದ್ದಾನೆ. ಅತ್ತೆ ಆ ಕಡೆಯಿಂದ ಮುದ್ದೇಬಿಹಾಳ–ಇಂಡಿ ಬಸ್ಸಿನಲ್ಲಿ ಬರುತ್ತಿದ್ದಾಳೆ. ಎರಡೂ ಬಸ್ಸು ನಿಲ್ಲುವುದು ನಮ್ಮ ಸಿಂದಗಿಯಲ್ಲಿ, ಆದರೆ ಒಂದೇ ಹೊತ್ತಿಗೆ ನಿಲ್ಲಬೇಕೆಂದು ಯಾರಪ್ಪನ ಆಣೆಯೂ ಇಲ್ಲ. ಅಪ್ಪ ಇಂಗಳೇಶ್ವರ ಮುಟ್ಟಿದರೆ ಅಕ್ಕ ಮನೆಯಲ್ಲಿಲ್ಲ. ಅಕ್ಕ ಲಚ್ಯಾಣ ಮುಟ್ಟಿದರೆ ತಮ್ಮ ಮನೆಯಲ್ಲಿಲ್ಲ. ತಾನು ಬರುವುದು ತಿಳಿದೇ ತಪ್ಪಿಸಿಕೊಂಡರು ಎಂದು ಇಬ್ಬರೂ ಅಂದುಕೊಳ್ಳುತ್ತಾರೆ. ಹಾಗಂದುಕೊಳ್ಳದಿದ್ದರೆ ಅವರು ನಮ್ಮ ಮನೆತನದವರೇ ಅಲ್ಲ. ಆಮೇಲೆ ಇಬ್ಬರೂ ಮತ್ತೊಮ್ಮೆ ಹೊರಡುವಷ್ಟು ವಯಸ್ಸು ಯಾರಿಗೆ ಉಳಿದಿತ್ತು? ಯಂತ್ರದಲ್ಲೂ ಇದೇ ಗತಿ. ಕೋಟಿಗಟ್ಟಲೆ ಪ್ರೋಟಾನುಗಳು ಎದುರುಬದುರು ಹಾಯುತ್ತವೆ, ಮುಖಾಮುಖಿ ತಾಗುವುದು ಬೆರಳೆಣಿಕೆ.

ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, “ಸರ್, ಮೊದಲನೇ ಪಿರಿಯಡ್ ಬ್ಯಾರೆಯವರಿಗೆ ಕೊಡ್ರಿ, ನಾ ಬಸ್‌ಸ್ಟ್ಯಾಂಡಿಗೆ ಹೋಗಬೇಕು, ಈಗಿಂದೀಗ” ಎಂದೆ. ಅವರ ಮುಖ ಬಿಳಿಚಿತು. “ಮೇಡಂ, ನೀವೂನಾ? ನಿನ್ನಿ ಏನೂ ಆಗೂದಿಲ್ಲ ಅಂತ ಹೇಳಿದ್ರಲ್ರಿ?”

“ಆಗೂದೈತ್ರಿ ಸರ್, ಡಿಕ್ಕಿ ಆಗೂದೈತಿ. ಆಗಲಿಲ್ಲಂದ್ರ ಸತ್ವಿ ನಾವು” ಎಂದು ಓಡಿದೆ. ನಾನು ಏನು ಹೇಳಿದೆ ಎನ್ನುವುದು ಅರ್ಧ ದಾರಿಗೆ ಬಂದ ಮೇಲೆ ತಲೆಗೆ ಹೊಳೆಯಿತು. ತಿರುಗಿ ಹೋಗಿ ತಿಳಿಸಿ ಹೇಳಲು ಹೊತ್ತಿರಲಿಲ್ಲ. ಫಿಸಿಕ್ಸ್ ಮೇಡಮ್ಮೇ ಊರು ಬಿಟ್ಟು ಓಡುತ್ತಿದ್ದಾರೆ ಎಂದು ಕಾಲೇಜು ತಾನಾಗಿಯೇ ಬಿಟ್ಟಿತಂತೆ. ಆ ವರ್ಷವಿಡೀ ಸ್ಟಾಫ್‌ರೂಮಿನಲ್ಲಿ ನನ್ನನ್ನು ಕಾಡಿಸಲು ಇದೊಂದು ಸಾಕಾಯಿತು.

ಇಂಡಿಯಿಂದ ಬಂದ ಬಸ್ಸು ಆಗಲೇ ನಿಂತಿತ್ತು. ಕಿಟಕಿಯಲ್ಲಿ ಅಪ್ಪ, ಬಿಳಿ ಧೋತ್ರ, ತಲೆಗೆ ರುಮಾಲು, ತೊಡೆಯ ಮೇಲೆ ಕೈಚೀಲ. ನನ್ನನ್ನು ಕಂಡು ಕಳ್ಳ ಸಿಕ್ಕಿಬಿದ್ದಂತೆ ಮಾಡಿದ.

“ಎಲ್ಲಿಗಿ ಅಪ್ಪ?”

“ಮುದ್ದೇಬಿಹಾಳಕ. ಎತ್ತು ನೋಡಾಕ.”

“ಎತ್ತಿಗೆ ಉಡಿ ತುಂಬತೀಯೇನು?” ಚೀಲದ ಬಾಯಿಂದ ಖಣದ ಅಂಚು ಹೊರಗೆ ಇಣುಕುತ್ತಿತ್ತು. ಅಪ್ಪ ಅದನ್ನು ಒಳಗೆ ತುರುಕಿದ. “ಇಳಿ ಕೆಳಗ. ಅತ್ತಿ ಆ ಕಡಿ ಬಸ್ಸಿನ್ಯಾಗ ಬರಾಕತ್ತಾಳ, ನಿಮ್ಮ ಊರಿಗೆ.”

ಅಪ್ಪ ನನ್ನ ಮುಖವನ್ನೇ ನೋಡಿದ. ಕಂಡಕ್ಟರ್ ಸೀಟಿ ಊದಿದ. ಅಪ್ಪನ ಹಳೆಯ ಭಯ ಎದ್ದು ಬಂತು. “ಬಸ್ ತಪ್ಪತೈತಿ ಯವ್ವಾ…” ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ತಪ್ಪಲಿ! ಒಮ್ಮೆ ತಪ್ಪಿಸಲಾರದ್ದಕ್ಕ ಇಷ್ಟು ವರ್ಷ ಅನುಭವಿಸಿದ್ದು ಸಾಲದೇನು? ಇಳಿ!” ಎಂದು ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಪ್ಪ ಚೀಲ ಅವುಚಿಕೊಂಡು ಇಳಿದ. ಅವನ ಬಸ್ಸು ಧೂಳೆಬ್ಬಿಸಿಕೊಂಡು ಬಾಗೇವಾಡಿಯ ದಾರಿ ಹಿಡಿಯಿತು.

ಬಹಳ ಹೊತ್ತಿನ ಮೇಲೆ ಮುದ್ದೇಬಿಹಾಳದ ಬಸ್ಸು ಬಂತು, ಕಾಲಿಡಲು ಜಾಗವಿಲ್ಲದಂತೆ ತುಂಬಿಕೊಂಡು. ಪ್ರಳಯಕ್ಕೆಂದು ತಮ್ಮ ತಮ್ಮ ಊರಿಗೆ ಹೊರಟ ಮಂದಿ! ಇಳಿಯುವವರು, ಹತ್ತುವವರು, ಕಿಟಕಿಯಿಂದ ಟವೆಲ್ಲು ಎಸೆಯುವವರು. ನಾನು ಒಂದು ಮಗ್ಗುಲಿನ ಕಿಟಕಿಗಳನ್ನು ನೋಡಿದೆ, ಅಪ್ಪ ಇನ್ನೊಂದು ಮಗ್ಗುಲು. ಅತ್ತೆ ಇಲ್ಲ. ಅಪ್ಪನ ಮುಖ ಇಳಿದುಹೋಯಿತು. “ಬಂದಿಲ್ಲ ಬಿಡು” ಎಂದು ಚೀಲವನ್ನು ಎದೆಗೊತ್ತಿಕೊಂಡ. ಕಂಡಕ್ಟರ್ ಬಾಗಿಲಿಗೆ ಬಂದು ನಿಂತ. ಆಗ ನಾನು ಕಂಡೆ: ಬಸ್ಸಿನ ನಡುವಿನ ದಾರಿಯಲ್ಲಿ ಒಳಗೆ ಹೋಗುವವರೆಲ್ಲ ಒಂದು ಜಾಗ ಬಂದೊಡನೆ ಸೊಂಟ ಹೊರಳಿಸಿ, ಕಾಲೆತ್ತಿಟ್ಟು, ಏನನ್ನೋ ಬಳಸಿಕೊಂಡು ಹೋಗುತ್ತಿದ್ದರು. ಏನದು ಎಂದು ನನಗೆ ಕಾಣುತ್ತಿರಲಿಲ್ಲ, ಅವರು ಬಳಸಿ ಹೋಗುವುದಷ್ಟೇ ಕಾಣುತ್ತಿತ್ತು. ಅದನ್ನೇ ತಾನೇ ನಾನು ವರ್ಷಗಟ್ಟಲೆ ಓದಿದ್ದು!

“ಅಪ್ಪ, ಅಲ್ಲದಾಳ! ನೆಲದ ಮ್ಯಾಲ ಕೂತಾಳ! ಹತ್ತು!”

ನಾನು ನೂಕಿದೆ. ಅಂದು ಅವನು ಅಕ್ಕನನ್ನು ನೂಕಿದಂತೆಯೇ ನೂಕಿದೆ. ಮಂದಿಯ ನಡುವೆ ರುಮಾಲು ಮುಂದೆ ಮುಂದೆ ಹೋಗಿ ಒಂದು ಕಡೆ ನಿಂತಿತು. ಅಲ್ಲಿ ಅತ್ತೆ ತನ್ನ ಗಂಟಿನ ಮೇಲೆ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳಂತೆ. ನಾನು ಕಿಟಕಿಗೆ ಜೋತುಬಿದ್ದು ಕೇಳಿಸಿಕೊಂಡೆ.

“ಅಕ್ಕಾ.”

ಬೀಸುತ್ತಿದ್ದ ಸೆರಗು ಕೆಳಗಿಳಿಯಿತಂತೆ. ಆಮೇಲೆ, “ಎಲ್ಲಿಗಿ ಹೊಂಟೀ?”

“ನಿನ್ನ ಕರಿಯಾಕ. ಉಡಿ ತಂದೇನಿ.”

ಅಪ್ಪ ಚೀಲ ಬಿಚ್ಚಿದನೆಂದು ಕಾಣುತ್ತದೆ. ನಿಂಬೆಹಣ್ಣೊಂದು ಉರುಳಿ ಯಾರದೋ ಕಾಲಿಗೆ ಬಂತು. ಉಡಿಗೆ ತನ್ನ ತೋಟದ ಹಣ್ಣೂ ತಂದಿದ್ದ.

“ಹುಚ್ಚಖೋಡಿ!” ಅತ್ತೆಯ ದನಿ ಇಡೀ ಬಸ್ಸಿಗೆ ಕೇಳಿತು. “ಉಡಿ ಹೋಗುವಾಕಿಗಿ ತುಂಬತಾರ. ನಾ ಈಗ ಬರಾಕತ್ತೇನಿ. ಕಟ್ಟಿಡು ಅದನ್ನ!” ಆಮೇಲೆ ಅವಳ ದನಿ ಒಡೆಯಿತು. “ಎಷ್ಟ ಸೊರಗೀಯೋ ತಮ್ಮಾ.”

“ಮುತ್ಯಾ, ಇಳೀತೀರೋ ಟಿಕೀಟ ತಗೋತೀರೋ?” ಎಂದ ಕಂಡಕ್ಟರ್.

“ಇಂಡಿಗೆ ಎರಡು ಕೊಡ್ರಿ” ಎಂದ ಅಪ್ಪ.

“ನಂದಾಗೈತಿ. ನಿಂದಷ್ಟ ತಗೋ. ಇನ್ನೂ ಬುದ್ಧಿ ಬರಲಿಲ್ಲ ನಿನಗ!”

ಬಸ್ಸು ಹೋಯಿತು. ಇಬ್ಬರಲ್ಲಿ ಒಬ್ಬರಾದರೂ ನನ್ನ ಕಡೆ ತಿರುಗಿ ನೋಡಬೇಕಲ್ಲ? ಇಲ್ಲ. ನಾನು ಬಸ್‌ಸ್ಟ್ಯಾಂಡಿನ ನಡುವೆ ನಿಂತು ಗಳಗಳನೆ ಅತ್ತುಬಿಟ್ಟೆ. ತಲೆಯೆತ್ತಿದರೆ ಎದುರಿಗೆ ನಮ್ಮ ವಿದ್ಯಾರ್ಥಿನಿಯರ ದಂಡು, ಊರಿಗೆ ಹೋಗಲು ಬಂದವರು. “ಬಾಯಾರ, ಖರೇನ ಮುಳುಗತೈತ್ರಿ?” ಎಂದು ಅವರೂ ಅಳತೊಡಗಿದರು. ಮೂಗು ಒರೆಸಿಕೊಂಡು, “ಏನೂ ಮುಳುಗೂದಿಲ್ಲ, ನಡೀರಿ ಕ್ಲಾಸಿಗೆ!” ಎಂದು ಗದರಿದೆ. ಯಾರೂ ನಂಬಲಿಲ್ಲ.

ಮಧ್ಯಾಹ್ನ ಜಿನೀವಾದಲ್ಲಿ ಪ್ರೋಟಾನುಗಳು ಒಂದು ಸುತ್ತು ಹಾಕಿದವು. ಭೂಮಿ ಇದ್ದಲ್ಲೇ ಇತ್ತು. ಸ್ವಲ್ಪ ದಿನಕ್ಕೆ ಯಂತ್ರದಲ್ಲಿ ಏನೋ ಕೆಟ್ಟು ನಿಂತುಹೋಯಿತೆಂದು ಪೇಪರಿನಲ್ಲಿ ಬಂತು. ರಿಪೇರಿಗೆ ವರ್ಷವೇ ಬೇಕೆಂದರು. ನಾನು ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡೆ. ಲಚ್ಯಾಣದಲ್ಲಿ ಮಾತ್ರ ಯಾರಿಗೂ ಅದರ ಚಿಂತೆಯಿರಲಿಲ್ಲ. ಗಣಪತಿ ಹೋಗಿ ದಸರೆ ಬಂದರೂ ಅತ್ತೆ ಅಲ್ಲೇ ಇದ್ದಳು. ದಿನಾ ತಮ್ಮನಿಗೆ ಬೈಯುತ್ತ, ಅವನ ಬಿಪಿ ಗುಳಿಗೆಯನ್ನು ತಾನೇ ಕೊಡುತ್ತ.

ಬನ್ನಿ ಹಬ್ಬ ಮುಗಿಸಿ ಅವಳು ಹೊರಟ ದಿನ ನಾನೂ ಹೋಗಿದ್ದೆ. ಅವ್ವ ಅದೇ ಖಣ, ಅದೇ ಅಕ್ಕಿ, ಅದೇ ಕೊಬ್ಬರಿ ಬಟ್ಟಲು ತಾಟಿನಲ್ಲಿ ಜೋಡಿಸುತ್ತಿದ್ದಾಗ ಅಗಸಿಯ ಕಡೆಯಿಂದ ಹಾರ್ನ್ ಕೇಳಿತು. ಅಪ್ಪ ಎದ್ದ. ನನ್ನ ಜೀವ ಬಾಯಿಗೆ ಬಂತು. ಅವನು ಓಡಿ ಹೋಗಿ ದಾರಿಯ ನಡುವೆ ಬಸ್ಸಿನ ಮೂತಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತುಬಿಟ್ಟ. “ನಮ್ಮಕ್ಕನ ಉಡಿ ತುಂಬಾಕತ್ತಾರ! ಮುಗಿಯುತನಾ ಗಾಲಿ ಉರಳಂಗಿಲ್ಲ!” ಡ್ರೈವರ್ ಇಳಿದು ಬೀಡಿ ಹಚ್ಚಿದ. ಒಳಗೆ ಅತ್ತೆ ಬೇಕೆಂದೇ ನಿಧಾನ ಮಾಡಿದಳು. ಉಡಿ ತುಂಬಿದ್ದಾಯಿತು, ಮತ್ತೆ ಚಹಾ ಬೇಕೆಂದಳು, ಕುಡಿದಳು. ಬಸ್ಸು ಹತ್ತುವಾಗ ನನಗೆ, “ನಿನ್ನ ಮಷೀನ ಮತ್ತ ಯಾವಾಗ ಚಾಲೂ ಮಾಡತಾರ?” ಎಂದಳು. ಮುಂದಿನ ವರ್ಷ ಎಂದೆ. “ಹಂಗಾದ್ರ ಮುಂದಿನ ವರ್ಷನೂ ಬರ್ತೇನಿ” ಎಂದಳು.

ಮಾತಿಗೆ ತಪ್ಪಲಿಲ್ಲ. ಯಂತ್ರ ಮತ್ತೆ ಶುರುವಾದಾಗ ಅಪ್ಪನೇ ಹೋಗಿ ಕರೆತಂದ. ಆ ಸಲ ಖರೆಯ ಡಿಕ್ಕಿಗಳೂ ಆದವು. ನನ್ನ ಕಣ ಮಾತ್ರ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಅಪ್ಪ ಆ ದಿನಗಳಲ್ಲಿ ನನ್ನನ್ನು ಮಳೆಯ ಸುದ್ದಿ ಕೇಳುವುದನ್ನೇ ಬಿಟ್ಟಿದ್ದ. ಬೇಕಾದರೆ ತಾನೇ ಫೋನು ಮಾಡಿ ಅಕ್ಕನ ಜೊತೆ ಜಗಳ ಆಡುತ್ತಿದ್ದ.

ಆಮೇಲೊಂದು ಸುಗ್ಗಿಯ ಹೊತ್ತಿಗೆ ಅತ್ತೆ ನಿದ್ದೆಯಲ್ಲೇ ಹೋದಳು. ಅಪ್ಪ ಹೋಗಿ, ತವರಿನ ಸೀರೆ ಹೊದಿಸಿ, ಮಣ್ಣು ಕೊಟ್ಟು ಬಂದ. ಅವನು ಅತ್ತದ್ದನ್ನು ನಾನು ಕಾಣಲಿಲ್ಲ.

ಆ ಮಳೆಗಾಲದಲ್ಲಿ ಒಂದು ದಿನ ಲಚ್ಯಾಣಕ್ಕೆ ಹೋದೆ. ಅಪ್ಪ ಪಡಸಾಲೆಯಲ್ಲಿ ನಿಂಬೆಹಣ್ಣು ಆರಿಸುತ್ತ ಕೂತಿದ್ದ. ನಾನು ಇಂಗಳೇಶ್ವರಕ್ಕೆ ಹೋಗಿರಲಿಲ್ಲ, ಸಿಂದಗಿಯಿಂದ ನೆಟ್ಟಗೆ ಬಂದಿದ್ದೆ. ಅದು ಅವನಿಗೂ ಗೊತ್ತಿತ್ತು. ಒಂದೊಂದೇ ಹಣ್ಣು ಬುಟ್ಟಿಗೆ ಹಾಕುತ್ತ, ಮುಖ ಎತ್ತದೆ ಕೇಳಿದ:

“ಆ ಕಡೆ ಮಳಿ ಆಗೈತೇನು?”

ನಾನು ಅವನ ಮಗ್ಗುಲಿಗೆ ಕೂತು ಒಂದು ಹಣ್ಣು ಕೈಗೆತ್ತಿಕೊಂಡೆ.

“ಆಗೈತಿ ಅಪ್ಪ, ಛಲೋ ಆಗೈತಿ. ಮೊಣಕಾಲ ನೋವು ಈಗ ಒಟ್ಟ ಇಲ್ಲ.”